‘ಉಚಿತ’ ಎಂಬ ಪದದ ಬೆಲೆ: ಬರದ ಸೀಮೆಯ ಸೂಲಗಿತ್ತಿ ನರಸಮ್ಮ

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಳ್ಳಿಯ ಜನ ಹೇಳುವುದುಂಟು. ಈ ಮಾತಿನಲ್ಲಿ ಅತಿಶಯೋಕ್ತಿಯೇನೂ ಇಲ್ಲ. ನೂರು ವರ್ಷಗಳ ಹಿಂದೆ ಹೆರಿಗೆಗೆ ಕುಳಿತ ಹೆಣ್ಣು ಜೀವಂತವಾಗಿ ಎದ್ದು ಬರುತ್ತಾಳೆಂಬ ಖಾತರಿ ಯಾರಿಗೂ ಇರಲಿಲ್ಲ. ಆ ಹೊತ್ತಿನಲ್ಲಿ ಆಕೆಯ ಬಳಿ ಇರುತ್ತಿದ್ದವಳು ವೈದ್ಯೆಯಲ್ಲ, ದಾದಿಯೂ ಅಲ್ಲ. ಅದೇ ಊರಿನ, ಬಹುಪಾಲು ಅವಳಷ್ಟೇ ಬಡವಳಾದ, ಅಕ್ಷರ ಬಾರದ ಇನ್ನೊಬ್ಬ ಹೆಣ್ಣು. ಅವಳೇ ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ಒಕ್ಕಲಗಿತ್ತಿ, ಅಗಸಗಿತ್ತಿ, ಮದುವಣಗಿತ್ತಿ ಎನ್ನುವಂತೆಯೇ ಸೂಲು ಮಾಡಿಸುವವಳು ಸೂಲಗಿತ್ತಿ.

ಈ ಪದವನ್ನು ದೇಶದ ಕಿವಿಗೆ ಮುಟ್ಟಿಸಿದವರು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ. 2018ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಿದಾಗ ಅವರ ವಯಸ್ಸು ತೊಂಬತ್ತೇಳರ ಮೇಲಿತ್ತು. ಸುಮಾರು 70 ವರ್ಷಗಳ ಅವಧಿಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿದವರು ಎಂದು ಪತ್ರಿಕೆಗಳು ಅವರನ್ನು ಪರಿಚಯಿಸಿದವು. ಓದಿದವರೆಲ್ಲ ಆ ಸಂಖ್ಯೆಗೆ ಬೆರಗಾದರು. ಆದರೆ ಆ ವಾಕ್ಯದಲ್ಲಿ ನಿಂತು ನೋಡಬೇಕಾದ ಪದ ಇನ್ನೊಂದಿದೆ. ಅದು ‘ಉಚಿತವಾಗಿ’. ಹೊಟ್ಟೆಪಾಡಿಗೆ ಕೂಲಿಯನ್ನೇ ನಂಬಿದ ಸೀಮೆಯಲ್ಲಿ ಏಳು ದಶಕ ಉಚಿತವಾಗಿ ದುಡಿಯುವುದೆಂದರೆ ಏನು? ಆ ದುಡಿಮೆಯ ಬೆಲೆಯನ್ನು ತೆತ್ತವರು ಯಾರು?

ಸಂಸ್ಥಾನದ ಎರಡು ತುದಿ

ನರಸಮ್ಮ ಹುಟ್ಟಿದ್ದು 1920ರಲ್ಲಿ. ಆಗ ಪಾವಗಡವೂ ಮೈಸೂರು ಸಂಸ್ಥಾನಕ್ಕೇ ಸೇರಿತ್ತು. ರಾಜಧಾನಿ ಮೈಸೂರಿನಲ್ಲಿ 1908ರಷ್ಟು ಹಿಂದೆಯೇ ವಿದ್ಯುದ್ದೀಪ ಬೆಳಗಿತ್ತು. ಹೆಂಗಸರು ಮತ್ತು ಮಕ್ಕಳ ಚಿಕಿತ್ಸೆಗೆಂದೇ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದಿದ್ದರು. ಮೈಸೂರಿನ ಹಿರಿಯರು ಅದನ್ನು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ನೀಡಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂದು ಅದನ್ನು ಗುರುತಿಸಲಾಗಿದೆ.

ಅದೇ ಸಂಸ್ಥಾನದ ಇನ್ನೊಂದು ತುದಿಯಲ್ಲಿ, ಮೂರು ಕಡೆ ಆಂಧ್ರದ ಗಡಿ ಸುತ್ತುವರಿದ ಪಾವಗಡದಲ್ಲಿ, ನರಸಮ್ಮ 12ನೇ ವಯಸ್ಸಿಗೆ ಮದುವೆಯಾಗಿ ಅಂಜಿನಪ್ಪನವರ ಮನೆ ಸೇರಿದರು. ಮುಂದೆ ಅವರಿಗೆ 12 ಮಕ್ಕಳಾದವು. ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಸಂಸ್ಥಾನ ಹೊರಡಿಸಿದ ಪ್ರಗತಿಪರ ಆದೇಶಗಳಿಗೂ ಗಡಿಯ ಹಳ್ಳಿಯ ಗುಡಿಸಲಿಗೂ ನಡುವೆ ಎಷ್ಟು ದೂರವಿತ್ತು ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಆ ದೂರವನ್ನು ತುಂಬುತ್ತಿದ್ದವಳೇ ಸೂಲಗಿತ್ತಿ. ನರಸಮ್ಮನವರ ಹೆರಿಗೆಗಳಲ್ಲಿ ಐದನ್ನು ಮಾಡಿಸಿದವರು ಅವರ ಅಜ್ಜಿ. ಅಜ್ಜಿಯ ಜೊತೆಯಲ್ಲಿ ಹೋಗಿ, ನೋಡಿ, ಕೈಗೂಡಿಸಿ ಅವರು ಈ ವಿದ್ಯೆ ಕಲಿತರು. 1940ರಲ್ಲಿ, 20ರ ಹರೆಯದಲ್ಲಿ, ಹತ್ತಿರದ ಸಂಬಂಧಿಯೊಬ್ಬರ ಹೆರಿಗೆಗೆ ನೆರವಾದದ್ದು ಅವರ ಮೊದಲ ಅನುಭವ. ಊರಿಗೆ ಬಂದು ಬೀಡುಬಿಡುತ್ತಿದ್ದ ಅಲೆಮಾರಿ ಜನರಿಂದ ಗಿಡಮೂಲಿಕೆಗಳ ಔಷಧ ತಯಾರಿಸುವುದನ್ನೂ ಕಲಿತುಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಅಜ್ಜಿಯ ಕೈಯೇ ಪಠ್ಯಪುಸ್ತಕ.

ಕಷ್ಟಕಾಲದ ಬಸಿರು

ನರಸಮ್ಮ ಮದುವೆಯಾಗಿ ಬಂದದ್ದು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. 1929ರಲ್ಲಿ ಅಮೆರಿಕದ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಆರಂಭವಾದ ಗಂಡಾಂತರ ಭಾರತದ ಹಳ್ಳಿಗೆ ಬಂದದ್ದು ಫಸಲಿನ ಬೆಲೆಯ ರೂಪದಲ್ಲಿ. ಮೂರು ನಾಲ್ಕು ವರ್ಷಗಳಲ್ಲಿ ಕೃಷಿ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಂದಾಯ ಮತ್ತು ಸಾಲ ಮಾತ್ರ ಇಳಿಯಲಿಲ್ಲ. ಕಡಲೆಕಾಯಿಯಂಥ ಪೇಟೆ ಬೆಳೆಯನ್ನು ನಂಬಿದ ಕೆಂಪು ಮಣ್ಣಿನ ಸೀಮೆಗೆ ಇದು ದೊಡ್ಡ ಹೊಡೆತ. ರೈತನ ಕೈಯಲ್ಲಿ ಕಾಸಿಲ್ಲದಿದ್ದರೆ ಕೂಲಿಯವನಿಗೆ ಕೆಲಸವಿಲ್ಲ. ಅದರ ಬೆನ್ನಿಗೇ ಎರಡನೇ ಮಹಾಯುದ್ಧ, ಧಾನ್ಯದ ಅಭಾವ, ಪಡಿತರ. ನರಸಮ್ಮ ಸೂಲಗಿತ್ತಿಯಾಗಿ ಹೆಜ್ಜೆಯಿಟ್ಟದ್ದು ಯುದ್ಧದ ಆ ದಿನಗಳಲ್ಲಿ. ಇವೆಲ್ಲಕ್ಕೂ ಮೊದಲು ಮತ್ತು ಆನಂತರವೂ ಪಾವಗಡಕ್ಕೆ ಬಿಡದೆ ಕಾಡಿದ್ದು ಮಳೆಯ ಕೊರತೆ. ರಾಜ್ಯದ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಪಾವಗಡದ ಹೆಸರು ಮತ್ತೆ ಮತ್ತೆ ಬರುತ್ತದೆ.

ಬರಕ್ಕೂ ಬಸಿರಿಗೂ ಇರುವ ನಂಟು ಹಳೆಯದು. 1876-78ರ ಭೀಕರ ಕ್ಷಾಮಕ್ಕೆ ಮೊದಲು, 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಅದು ಸುಮಾರು 42 ಲಕ್ಷಕ್ಕೆ ಇಳಿಯಿತು. ಸತ್ತವರ ಜೊತೆಗೆ ಹುಟ್ಟದೇ ಹೋದವರೂ ಈ ಲೆಕ್ಕದಲ್ಲಿದ್ದಾರೆ. ಹಸಿದ ದೇಹ ಗರ್ಭ ಕಟ್ಟುವುದೇ ಕಡಿಮೆ. ಕಟ್ಟಿದರೂ ತಾಯಿಗೆ ರಕ್ತಹೀನತೆ, ಮಗುವಿನ ತೂಕ ಕಡಿಮೆ. ರಕ್ತ ಕಡಿಮೆ ಇರುವ ತಾಯಿ ಹೆರಿಗೆಯಲ್ಲಿ ಆರೋಗ್ಯವಂತೆ ತಾಳಿಕೊಳ್ಳುವಷ್ಟು ರಕ್ತಸ್ರಾವವನ್ನು ತಾಳಲಾರಳು. ಇದು ಹಿಂದಿನ ಮಾತೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡ 52 ಮಂದಿಗೆ ರಕ್ತಹೀನತೆ ಇತ್ತು.

ಹೀಗಾಗಿ ಕಷ್ಟಕಾಲದಲ್ಲಿ ಸೂಲಗಿತ್ತಿಯ ಕೆಲಸ ಎರಡು ರೀತಿಯಲ್ಲಿ ಭಾರವಾಗುತ್ತಿತ್ತು. ಹೆರಿಗೆ ಹೆಚ್ಚು ಅಪಾಯಕಾರಿಯಾಗುತ್ತಿತ್ತು. ಹೆರಿಗೆಯ ಮನೆಯಲ್ಲಿ ಕೊಡಲು ಏನೂ ಇರುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಗೆ ಒಂದು ಮೊರ ರಾಗಿಯೋ ಅಕ್ಕಿಯೋ, ಎಲೆ ಅಡಿಕೆ, ತೆಂಗಿನಕಾಯಿ, ಅನುಕೂಲವಿದ್ದವರು ಒಂದು ಸೀರೆ ಕೊಡುವ ರೂಢಿಯಿತ್ತು. ಬರ ಬಂದಾಗ ಮೊದಲು ಬರಿದಾಗುತ್ತಿದ್ದದ್ದು ಆ ಮೊರ.

ಕೈ ಅರಿತ ವಿಜ್ಞಾನ

ಸೂಲಗಿತ್ತಿಗೆ ಏನು ಗೊತ್ತಿತ್ತು? ಈ ಪ್ರಶ್ನೆಗೆ ಎರಡು ಅತಿರೇಕದ ಉತ್ತರಗಳು ಬಳಕೆಯಲ್ಲಿವೆ. ಎಲ್ಲವೂ ಮೌಢ್ಯ ಎನ್ನುವವರು ಕೆಲವರು. ಆಧುನಿಕ ವೈದ್ಯಕ್ಕೂ ಮೀರಿದ ರಹಸ್ಯ ವಿದ್ಯೆ ಎನ್ನುವವರು ಇನ್ನು ಕೆಲವರು. ಸತ್ಯ ಇವೆರಡರ ನಡುವೆ ಇದೆ.

ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳುವುದರಲ್ಲಿ ನರಸಮ್ಮ ಹೆಸರಾಗಿದ್ದರು. ಇದು ಪವಾಡವಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಇಂದಿಗೂ ಕಲಿಸುವ ಒಂದು ಪರೀಕ್ಷಾಕ್ರಮವಿದೆ. ಜರ್ಮನಿಯ ವೈದ್ಯ ಕ್ರಿಶ್ಚಿಯನ್ ಲಿಯೋಪೋಲ್ಡ್ ಹೆಸರಿನ ಈ ಕ್ರಮದಲ್ಲಿ ನಾಲ್ಕು ಹಂತಗಳಲ್ಲಿ ಹೊಟ್ಟೆಯನ್ನು ಮುಟ್ಟಿ ನೋಡಿ ಮಗುವಿನ ಭಂಗಿಯನ್ನು ತಿಳಿಯುತ್ತಾರೆ. ಸಾವಿರಾರು ಬಸಿರುಗಳನ್ನು ಮುಟ್ಟಿ ನೋಡಿದ ಬೆರಳುಗಳಿಗೆ ಅದೇ ವಿದ್ಯೆ ಬೇರೊಂದು ದಾರಿಯಲ್ಲಿ ದಕ್ಕಿತ್ತು.

ಮಗು ಹುಟ್ಟಿದೊಡನೆ ಎದೆಗೆ ಹಚ್ಚುವ ಕ್ರಮವನ್ನೇ ತೆಗೆದುಕೊಳ್ಳಿ. ಮಗು ಚೀಪಿದಾಗ ತಾಯಿಯ ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ಗರ್ಭಕೋಶದ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಬಿಗಿಯಾದ ಸ್ನಾಯುಗಳು ಮಾಸು ಕಿತ್ತುಬಂದ ಜಾಗದ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಈ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಹಾರ್ಮೋನಿನ ಹೆಸರು ತಿಳಿಯದೆಯೇ ಅದರ ಕೆಲಸವನ್ನು ಬಳಸಿಕೊಂಡ ಸೂಲಗಿತ್ತಿಯರು ನಮ್ಮಲ್ಲಿದ್ದರು. ಆದರೆ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವ ಪದ್ಧತಿಯೂ ಅನೇಕ ಕಡೆ ಇತ್ತೆಂಬುದನ್ನು ಮರೆಯಬಾರದು.

ನಂಜು ಮತ್ತು ನೆತ್ತರು

ಹಳೆಯ ಹೆರಿಗೆ ಮನೆಯ ಎರಡು ದೊಡ್ಡ ಶತ್ರುಗಳೆಂದರೆ ನಂಜು ಮತ್ತು ನೆತ್ತರು. ಧನುರ್ವಾಯು ರೋಗದ ಬ್ಯಾಕ್ಟೀರಿಯಾಗಳ ಬೀಜಕಣಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಅದಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತಿದರೆ ರೋಗಕ್ಕೆ ಬಾಗಿಲು ತೆರೆದಂತೆ. ಒಂದು ವಾರ ಚೆನ್ನಾಗಿ ಹಾಲು ಕುಡಿದ ಮಗು ಇದ್ದಕ್ಕಿದ್ದಂತೆ ಬಾಯಿ ಬಿಗಿದು, ಮೈ ಬಿಲ್ಲಿನಂತೆ ಬಾಗಿ ಸಾಯುತ್ತಿತ್ತು. ದೃಷ್ಟಿಯಾಯಿತು, ಗಾಳಿ ಸೋಕಿತು ಎಂದು ಮನೆಯವರು ಅಳುತ್ತಿದ್ದರು. ಸರ್ಕಾರ ದಾಯಿಯರಿಗೆ ತರಬೇತಿ ಕೊಟ್ಟಾಗ ಒತ್ತಿ ಹೇಳಿದ್ದು ಪಂಚಶುದ್ಧಿಯನ್ನು: ಶುದ್ಧ ಕೈ, ಶುದ್ಧ ಜಾಗ, ಶುದ್ಧ ಬ್ಲೇಡು, ಶುದ್ಧ ದಾರ, ಏನೂ ಮೆತ್ತದ ಶುದ್ಧ ಹೊಕ್ಕುಳು. ಗರ್ಭಿಣಿಯರಿಗೆ ಧನುರ್ವಾಯು ಚುಚ್ಚುಮದ್ದು ಮತ್ತು ಈ ಶುಚಿತ್ವ ಎರಡೂ ಸೇರಿ, 2015ರಲ್ಲಿ ಭಾರತ ತಾಯಿ ಹಾಗೂ ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು.

ನಂಜಿನ ವಿಷಯದಲ್ಲಿ ತಪ್ಪು ಬರೀ ಹಳ್ಳಿಯವರದಾಗಿರಲಿಲ್ಲ. 1840ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿ ಜ್ವರದಿಂದ ಹೆಚ್ಚು ತಾಯಂದಿರು ಸಾಯುತ್ತಿದ್ದದ್ದು ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ! ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆಗೆ ಬರುತ್ತಿದ್ದುದೇ ಕಾರಣ ಎಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕಂಡುಕೊಂಡು, 1847ರಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಸಾವುಗಳು ಥಟ್ಟನೆ ಇಳಿದವು. ಆದರೂ ಅವನ ಕಾಲದ ವೈದ್ಯರು ಅವನನ್ನು ನಂಬಲಿಲ್ಲ.

ನೆತ್ತರಿನ ವಿಷಯದಲ್ಲಿ ಮಾತ್ರ ಸೂಲಗಿತ್ತಿ ನಿಜಕ್ಕೂ ಅಸಹಾಯಕಳು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗದಿದ್ದರೆ ಎರಡು ಗಂಟೆಯೊಳಗೇ ತಾಯಿ ಕೈಬಿಟ್ಟು ಹೋಗಬಹುದು. ಅಲ್ಲಿ ಬೇಕಾದದ್ದು ಚುಚ್ಚುಮದ್ದು, ರಕ್ತ, ಶಸ್ತ್ರಚಿಕಿತ್ಸೆ. ಮಗು ಅಡ್ಡವಾಗಿ ನಿಂತಾಗಲೂ ಅಷ್ಟೇ. ಎಂಥ ಅನುಭವಿ ಕೈಯೂ ಇವಕ್ಕೆ ಬದಲಿಯಲ್ಲ.

1946ರಲ್ಲಿ ವರದಿ ಒಪ್ಪಿಸಿದ ಸರ್ ಜೋಸೆಫ್ ಭೋರ್ ಸಮಿತಿ, ಬ್ರಿಟಿಷ್ ಭಾರತದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಾರೆಂದು ಅಂದಾಜು ಮಾಡಿತ್ತು. ವರ್ಷಕ್ಕೆ ಸುಮಾರು 2 ಲಕ್ಷ ಸಾವು. ತರಬೇತಿ ಪಡೆದ ಸೂಲಗಿತ್ತಿಯರು ಇದ್ದದ್ದು ಸುಮಾರು 5,000 ಮಾತ್ರ. ಉಳಿದ ಹಳ್ಳಿಗಳನ್ನೆಲ್ಲ ನೋಡಿಕೊಂಡವರು ಸರ್ಕಾರದ ಲೆಕ್ಕದಲ್ಲಿಲ್ಲದ ನರಸಮ್ಮಂದಿರು.

ಉಚಿತ ಎಂದರೆ ಎಷ್ಟು?

ಈಗ ಆ ‘ಉಚಿತ’ಕ್ಕೆ ಮರಳೋಣ. 70 ವರ್ಷಗಳಲ್ಲಿ 15,000 ಹೆರಿಗೆ ಎಂದರೆ ವರ್ಷಕ್ಕೆ ಸರಾಸರಿ 214, ವಾರಕ್ಕೆ ನಾಲ್ಕು. ಚೊಚ್ಚಲ ಹೆರಿಗೆಯ ನೋವು 12 ಗಂಟೆಗೂ ಮೀರಿ ನಡೆಯುವುದು ಸಾಮಾನ್ಯ. ಒಂದೊಂದು ಹೆರಿಗೆಗೆ ಹೋಗಿಬರುವುದೂ ಸೇರಿ ಅರ್ಧ ದಿನವೆಂದೇ ಇಟ್ಟುಕೊಂಡರೂ 7,500 ದಿನಗಳಾಗುತ್ತವೆ. ಅಂದರೆ 20 ವರ್ಷಕ್ಕೂ ಹೆಚ್ಚು ಕಾಲದ ದುಡಿಮೆ. ಹೆರಿಗೆ ಹಗಲು ರಾತ್ರಿ ನೋಡಿ ಬರುವುದಿಲ್ಲ. ಕಳೆ ಕೀಳುವ ಕಾಲವೆಂದೂ ಕಡಲೆಕಾಯಿ ಬಿಡಿಸುವ ಕಾಲವೆಂದೂ ಕಾಯುವುದಿಲ್ಲ. ಕೂಲಿಯ ಹೆಣ್ಣು ಹೆರಿಗೆಗೆ ಹೋದ ದಿನ ಆಕೆಯ ಮನೆಗೆ ಕೂಲಿ ಇಲ್ಲ. ಮನೆಯಲ್ಲಿ ಹಾಲು ಕುಡಿಯುವ ಮಗುವಿದ್ದರೆ ಅದನ್ನು ಬೇರೆಯವರ ಮಡಿಲಿಗೆ ಹಾಕಿ ಹೋಗಬೇಕು.

ಇದರ ಜೊತೆಗೆ ಮೈಲಿಗೆಯ ಮಾತು ಬೇರೆ. ಹೆರಿಗೆಯ ನೆತ್ತರು, ಮಾಸು, ಪುರುಡು ಎಲ್ಲವೂ ಮೈಲಿಗೆ ಎಂದು ಬಗೆದ ಸಮಾಜ, ಅದನ್ನು ಮುಟ್ಟುವ ಕೆಲಸವನ್ನು ಬಹುತೇಕ ಕೆಳಗಿನ ಜಾತಿಗಳ ಹೆಣ್ಣುಮಕ್ಕಳಿಗೆ ಬಿಟ್ಟಿತ್ತು. ಹೆರಿಗೆಯ ಕೋಣೆಯೊಳಗೆ ಆಕೆಯ ಕೈಯೇ ದೇವರ ಕೈ. ಹನ್ನೊಂದನೇ ದಿನ ಪುರುಡು ಕಳೆದ ಮೇಲೆ ಅದೇ ಕೈಯಿಂದ ನೀರು ಮುಟ್ಟದ ಮನೆಗಳೂ ಇದ್ದವು.

ಅಂದಮೇಲೆ ಉಚಿತ ಎಂಬುದು ಸರಿಯಾದ ಪದವಲ್ಲ. ಬೆಲೆಯಿತ್ತು, ಅದನ್ನು ತೆತ್ತವಳು ಸೂಲಗಿತ್ತಿ ಮತ್ತು ಅವಳ ಮನೆಯವರು. ಸರ್ಕಾರ ಮಾಡಬೇಕಿದ್ದ ಕೆಲಸವನ್ನು ಬಡವರು ಬಡವರಿಗಾಗಿ ಮಾಡಿಕೊಂಡರು. ಬೆಲೆ ಕುಸಿದಾಗಲೂ ಬರ ಬಂದಾಗಲೂ ನಿಲ್ಲದೆ ನಡೆದ ಆರೋಗ್ಯ ಸೇವೆ ಇದೊಂದೇ. ಏಕೆಂದರೆ ಅದಕ್ಕೆ ಯಾವ ಖಜಾನೆಯಿಂದಲೂ ಹಣ ಬರುತ್ತಿರಲಿಲ್ಲ, ಆದ್ದರಿಂದ ನಿಲ್ಲುವ ಪ್ರಶ್ನೆಯೂ ಇರಲಿಲ್ಲ.

ಮನ್ನಣೆ ಬಂದದ್ದೂ ತಡವಾಗಿ. 2012ರಲ್ಲಿ ರಾಜ್ಯ ಸರ್ಕಾರದ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಮತ್ತು ರಾಜ್ಯೋತ್ಸವ ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಮೊದಲ ದೊಡ್ಡ ಗೌರವ ಬಂದಾಗ ಅವರಿಗೆ 92 ವರ್ಷ. ಅಕ್ಷರ ಬಾರದ ಅಜ್ಜಿ ‘ಡಾಕ್ಟರ್’ ಆದದ್ದು ಎಲ್ಲರಿಗೂ ಸಂತೋಷ ತಂದ ಸುದ್ದಿ. ಅದೇ ಆಕೆಗೆ 40 ವರ್ಷವಾಗಿದ್ದಾಗ ತಿಂಗಳಿಗೊಂದು ಸಂಬಳ ಸಿಕ್ಕಿದ್ದರೆ? ಈ ಪ್ರಶ್ನೆಯನ್ನು ಯಾವ ಸನ್ಮಾನ ಸಮಾರಂಭದ ಭಾಷಣವೂ ಕೇಳುವುದಿಲ್ಲ.

ಆಸ್ಪತ್ರೆಯ ಕಾಲದಲ್ಲಿ

ಇಂದು ಹೆರಿಗೆಯ ಚಿತ್ರ ಬದಲಾಗಿದೆ. 1992-93ರಲ್ಲಿ ದೇಶದ ಹೆರಿಗೆಗಳಲ್ಲಿ ಶೇಕಡ 26 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ವೇಳೆಗೆ ಈ ಪ್ರಮಾಣ ಶೇಕಡ 89ಕ್ಕೆ, ಕರ್ನಾಟಕದಲ್ಲಿ ಶೇಕಡ 97ಕ್ಕೆ ಏರಿತು. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್, ಹಳ್ಳಿ ಹಳ್ಳಿಗೆ ಬಂದ ಆಶಾ ಕಾರ್ಯಕರ್ತೆಯರು ಇದಕ್ಕೆ ಕಾರಣ. 2018-20ರಲ್ಲಿ ಲಕ್ಷ ಜನನಗಳಿಗೆ ತಾಯಂದಿರ ಮರಣ ದೇಶದಲ್ಲಿ 97, ಕರ್ನಾಟಕದಲ್ಲಿ 69. ಭೋರ್ ಸಮಿತಿಯ ಕಾಲದ ಲೆಕ್ಕವನ್ನು ಇದೇ ಅಳತೆಯಲ್ಲಿ ಹೇಳಿದರೆ ಅದು 2,000! ಮನೆ ಹೆರಿಗೆಯ ಕಾಲವೇ ಚೆನ್ನಾಗಿತ್ತು ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದ ಬರುವ ಗರ್ಭಿಣಿಯರ ಸಾಲನ್ನು ಕಂಡವರಿಗೆ ಈ ಬದಲಾವಣೆಯನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಗಳಿಸಿದ್ದರ ಜೊತೆಗೆ ಕಳೆದುಕೊಂಡದ್ದೂ ಒಂದಿದೆ. ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2019-21ರಲ್ಲಿ ಶೇಕಡ 31 ದಾಟಿತ್ತು. ಒಂದು ಜನಸಮುದಾಯದಲ್ಲಿ ಈ ಪ್ರಮಾಣ ಶೇಕಡ 10ಕ್ಕಿಂತ ಮೇಲೇರಿದರೆ ಅದರಿಂದ ತಾಯಿ ಮಕ್ಕಳ ಸಾವು ಮತ್ತಷ್ಟು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2017ರಲ್ಲಿ 17 ದೇಶಗಳ 26 ಅಧ್ಯಯನಗಳನ್ನು ಜೋಡಿಸಿ ನೋಡಿತು. ಹೆರಿಗೆ ನೋವಿನ ಉದ್ದಕ್ಕೂ ಒಬ್ಬರು ಪಕ್ಕದಲ್ಲೇ ಇದ್ದು ಧೈರ್ಯ ತುಂಬಿದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತಗ್ಗುತ್ತದೆ ಎಂಬುದು ಅದರ ಸಾರ. ಆ ಅಧ್ಯಯನಗಳಲ್ಲಿ ಒಟ್ಟು 15,000ಕ್ಕೂ ಹೆಚ್ಚು ತಾಯಂದಿರಿದ್ದರು. ಹೆಚ್ಚುಕಡಿಮೆ ನರಸಮ್ಮ ಒಬ್ಬರೇ ಪಕ್ಕದಲ್ಲಿ ಕುಳಿತಷ್ಟು ತಾಯಂದಿರು!

ಗಿಡಮೂಲಿಕೆಗಿಂತ, ಕೈಗುಣಕ್ಕಿಂತ, ಸೂಲಗಿತ್ತಿಯಿಂದ ಉಳಿಸಿಕೊಳ್ಳಬೇಕಾದ ವಿದ್ಯೆ ಇದು. ಕಡೆಯವರೆಗೂ ಎದ್ದು ಹೋಗದಿರುವುದು. ಭಾರತ ಸರ್ಕಾರವೂ ಇದನ್ನು ಅರಿತಂತಿದೆ. ವಿಶೇಷ ತರಬೇತಿ ಪಡೆದ ಶುಶ್ರೂಷಕಿಯರನ್ನು ಸೂಲಗಿತ್ತಿಯರನ್ನಾಗಿ ರೂಪಿಸಿ ಆಸ್ಪತ್ರೆಗಳಲ್ಲೇ ನೇಮಿಸುವ ಮಾರ್ಗಸೂಚಿಯನ್ನು ಅದು 2018ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದೇ ತಿಂಗಳ 25ರಂದು ನರಸಮ್ಮ 98ನೇ ವಯಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು.

ಇಂದು ಗರ್ಭಿಣಿಯನ್ನು ಮನೆಯಿಂದ ಆಸ್ಪತ್ರೆಗೆ ಕರೆತರುವವಳು ಆಶಾ ಕಾರ್ಯಕರ್ತೆ. ಅವಳೂ ಆ ಊರಿನವಳೇ, ಅವಳ ಮನೆಯ ಬಾಗಿಲೂ ಅಪರಾತ್ರಿಯಲ್ಲಿ ಬಡಿಯಲ್ಪಡುತ್ತದೆ. ಅವಳಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತು ತಿಂಗಳಿಗೆ ಇಷ್ಟೆಂದು ನಿಗದಿ ಮಾಡಿ ಕೊಡಿ ಎಂದು ಕೇಳಿದರು. ನರಸಮ್ಮ ಎಂದೂ ಕೇಳಲಿಲ್ಲ. ಕೇಳದವರಿಗೆ ತೊಂಬತ್ತರ ಮೇಲೆ ಪ್ರಶಸ್ತಿ ಕೊಟ್ಟ ಸಮಾಜ, ಕೇಳುವವರಿಗೆ ದುಡಿಯುವ ವಯಸ್ಸಿನಲ್ಲೇ ಕೂಲಿ ಕೊಡುವುದನ್ನು ಕಲಿಯಬೇಕಾಗಿದೆ.